ಬದಲಿಗೆ ಹೋದವಳು

ಫೆಬ್ರವರಿ 6

ಅಕ್ಕಾ,

ಕವರ್ ದಪ್ಪಗಿದೆ ಅಂತ ಹೆದರಬೇಡ. ಒಳಗಿರೋದು ನಾನು ಬರೆದ ಪುಸ್ತಕ. ಪುಸ್ತಕ ಅಂದ್ರೆ ಇಪ್ಪತ್ತನಾಲ್ಕು ಪುಟ, 'ಸದಸ್ಯರ ಹಕ್ಕುಗಳು ಮತ್ತು ಹೊಣೆಗಳು'. ನಮ್ಮ ಆರೋಗ್ಯ ಯೋಜನೆಯಲ್ಲಿರೋ ಎಲ್ಲ ಕಾರ್ಖಾನೆಗಳಿಗೂ ಇದು ಹೋಗುತ್ತೆ, ನಿನ್ನ ಹೊಲಿಗೆ ಕಾರ್ಖಾನೆಗೂ. ದೂರು ವಿಭಾಗದಲ್ಲಿ ಕೂರೋ ನಮ್ಮಂಥವರ ಹೆಸರನ್ನ ಯಾರೂ ಅಚ್ಚು ಹಾಕಲ್ಲ. ಆದರೂ ಒಂದೊಂದು ವಾಕ್ಯವೂ ನನ್ನದೇ, ಮೇಲಿನವರು ಎರಡು ಕಡೆ ಮಾತ್ರ ಕೈ ಹಾಕಿದ್ದಾರೆ.

ಏಳನೇ ಪುಟ ಓದು. ನಲವತ್ತು ದಾಟಿದ ಹೆಂಗಸರಿಗೆ ವರ್ಷಕ್ಕೊಂದು ಸಲ ಎದೆಯ ಪರೀಕ್ಷೆ ಉಚಿತ. ನಿನಗೀಗ ನಲವತ್ಮೂರು, ಮೂರು ವರ್ಷದಿಂದ ಒಂದು ಸಲಾನೂ ಹೋಗಿಲ್ಲ. ಅಮ್ಮ ಒಂದು ವರ್ಷ ಯಾರಿಗೂ ಹೇಳದೆ ಗಂಟನ್ನ ಸೆರಗಲ್ಲಿ ಮುಚ್ಚಿಟ್ಟುಕೊಂಡು ಓಡಾಡಿದ್ದು ನಿನಗೆ ನಾನು ನೆನಪಿಸಬೇಕಾ? ಹೇಳಿದಾಗ ಡಾಕ್ಟರಿಗೆ ಮಾಡೋಕೆ ಏನೂ ಉಳಿದಿರಲಿಲ್ಲ.

ನಿನ್ನ ಕಾರ್ಡಿಂದ ಭಾವನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗ್ತಿದೆ, ಅದಕ್ಕೆ ಒಂದು ದಿನಾನೂ ತಪ್ಪದೆ ಕರ್ಕೊಂಡು ಹೋಗ್ತೀಯ. ನಿನಗೋಸ್ಕರ ಒಂದು ದಿನ ಹೋಗೋಕೆ ಏನು ಕಷ್ಟ? ಫೋನಲ್ಲಿ ಕೇಳಿದ್ರೆ ಜಗಳವಾಗುತ್ತೆ, ಅದಕ್ಕೇ ಕಾಗದ. ಹೋಗಿಬಂದು ಬರಿ.

ತಮ್ಮ

*

ಫೆಬ್ರವರಿ 17

ಮರಿ ಸಾಹೇಬರೇ,

ಆಯ್ತಪ್ಪ, ಹೋಗಿಬಂದೆ. ಹದಿನಾಲ್ಕನೇ ತಾರೀಖು. ಇನ್ನು ನನ್ನ ತಲೆ ತಿನ್ನಬೇಡ.

ಕಾರ್ಖಾನೆ ಹಿಂದೆ ಯೋಜನೆಯವರ ಚಿಕಿತ್ಸಾಲಯ ಇದೆಯಲ್ಲ, ಅಲ್ಲೇ. ಕಾರ್ಡು ಕೊಟ್ಟರೆ ನಂಬರ್ ಬರ್ಕೊಂಡು ಒಳಗೆ ಬಿಡ್ತಾರೆ. ಒಂದು ನೀಲಿ ಅಂಗಿ ಕೊಟ್ರು, ಅದರ ಲಾಡಿ ಎಲ್ಲಿಂದ ಎಲ್ಲಿಗೆ ಕಟ್ಟಬೇಕು ಅಂತ ಆ ದೇವರಿಗೂ ಗೊತ್ತಿಲ್ಲ. ಆಮೇಲೆ ಎರಡು ತಣ್ಣನೆ ಹಲಗೆ ಮಧ್ಯೆ ಇಟ್ಟು ಒತ್ತುತ್ತಾರೆ. ನರ್ಸು ಒಳ್ಳೆಯವಳು, ಉಸಿರು ಬಿಗಿ ಹಿಡೀರಿ ಅಂದಾಗಲೆಲ್ಲ ತಾನೂ ಹಿಡ್ಕೊಳ್ತಿದ್ಲು. ಹತ್ತು ನಿಮಿಷದ ಕೆಲಸ.

ನಿನ್ನ ಪುಸ್ತಕವನ್ನ ನಿನ್ನ ಭಾವ ಪೂರ್ತಿ ಓದಿದ್ರು. ನಾನು ಅರ್ಧ ಓದಿದೆ. ಹಕ್ಕು ಹನ್ನೊಂದು, ಹೊಣೆ ಹದಿನಾಲ್ಕು, ಇದ್ಯಾವ ನ್ಯಾಯ ಅಂತ ನನ್ನ ನಾದಿನಿ ಗಿಣಿ ಕೇಳ್ತಿದ್ದಾಳೆ, ಉತ್ತರ ಕೊಡು. ಅವಳಿಗೆ ಕಾರ್ಡಿಲ್ಲ, ಆದರೂ ಬಾಯಿ ಬೇಕಲ್ಲ. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಇನ್ನೂರು ಜನಕ್ಕೆ ಬೇಯಿಸಿ ಬಂದು, ಮನೇಲೂ ಬಾಯಿ ಮುಚ್ಚದ ಹೆಂಗಸನ್ನ ನಾನು ಬೇರೆಲ್ಲೂ ನೋಡಿಲ್ಲ. ಗಿಣಿ ಅಂತ ಹೆಸರಿಟ್ಟವರಿಗೆ ಒಂದು ನಮಸ್ಕಾರ.

ನಿನ್ನ ಅಕ್ಕ

*

ಫೆಬ್ರವರಿ 24

ಅಕ್ಕಾ,

ನಿನ್ನ ಕಾಗದವನ್ನ ಎರಡು ಸಲ ಓದಿದೆ. ಕಣ್ಣಲ್ಲಿ ನೀರು ಬಂತು ಅಂದ್ರೆ ನಗಬೇಡ. ಆ ಯಂತ್ರದ ಹೆಸರು ಎತ್ತಿದ್ರೆ ಕೋಣೆಯಿಂದ ಎದ್ದು ಹೋಗ್ತಿದ್ದವಳು ನೀನು.

ಬೇಕಂದ್ರೆ ನಿನ್ನ ಕಡತ ನಾನು ತೆರೆದು ನೋಡಬಹುದು, ಆದರೆ ನೋಡಲ್ಲ. ಸದಸ್ಯರ ಕಾಯಿಲೆ ಗುಟ್ಟು ಅವರದೇ ಅಂತ ಐದನೇ ಪುಟದಲ್ಲಿ ಬರೆದವನು ನಾನೇ. ಫಲಿತಾಂಶ ನಿನ್ನ ಮನೆಗೇ ಬರುತ್ತೆ. ಗಿಣಿಗೆ ಹೇಳು, ಹೊಣೆ ಜಾಸ್ತಿ ಆಗಿದ್ದು ಮೇಲಿನವರು ಕೈ ಹಾಕಿದ ಕಡೆ.

ತಮ್ಮ

*

ಮಾರ್ಚ್ 9 (ಬರೆದು ಕಳಿಸದೆ ಇಟ್ಟಿದ್ದು)

ತಮ್ಮಾ,

ನಾನು ಹೋಗಿರಲಿಲ್ಲ ಕಣೋ.

ಹದಿನಾಲ್ಕನೇ ತಾರೀಖು ಆ ಬಾಗಿಲ ತನಕ ಹೋಗಿದ್ದೆ. ಗಿಣಿ ಜೊತೆಗೆ ಬಂದಿದ್ಲು. ಒಳಗೆ ಹೋಗದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಮ್ಮನ ಕೊನೆ ದಿನಗಳು, ಆ ವಾಸನೆ, ಎಲ್ಲಾ ಒಟ್ಟಿಗೆ ಮೂಗಿಗೆ ಬಂತು. ಪರೀಕ್ಷೆ ಮಾಡಿಸಿದ ಚೀಟಿ ಸೂಪರ್‌ವೈಸರಿಗೆ ಕೊಡದಿದ್ರೆ ಆ ದಿನದ ರಜೆ ಗೈರುಹಾಜರಿ ಆಗುತ್ತೆ, ನಿನಗೂ ಏನಾದ್ರೂ ಬರೀಬೇಕು. ಗಿಣಿ ನನ್ನ ಕೈಯಿಂದ ಕಾರ್ಡು ಕಿತ್ಕೊಂಡ್ಲು. ಅದರಲ್ಲಿ ಫೋಟೋ ಇಲ್ಲ, ಇಬ್ಬರಿಗೂ ಒಂದೇ ವಯಸ್ಸು. ಹತ್ತು ನಿಮಿಷ ಮಲಗೋಕಾದ್ರೂ ಸಿಗುತ್ತೇನೋ ನೋಡ್ತೀನಿ ಅತ್ತಿಗೆ ಅಂತ ನಗ್ತಾ ಒಳಗೆ ಹೋದ್ಲು. ನೀಲಿ ಅಂಗಿ, ಲಾಡಿ, ನರ್ಸು, ಎಲ್ಲಾ ಅವಳು ಬಂದು ಹೇಳಿದ್ದು.

ಇವತ್ತು ಫಲಿತಾಂಶ ಬಂತು. ನನ್ನ ಹೆಸರಲ್ಲಿ. ಎಡಗಡೆ ಎದೆಯಲ್ಲಿ ಒಂದು ನೆರಳು ಕಾಣ್ತಿದೆ, ಹದಿನಾಲ್ಕು ದಿನದೊಳಗೆ ಎರಡನೇ ಪರೀಕ್ಷೆಗೆ ಬನ್ನಿ ಅಂತ ಇದೆ.

ಓದಿದ ಕೂಡಲೇ ನನ್ನ ಮನಸ್ಸಿಗೆ ಬಂದ ಮೊದಲನೇ ಮಾತು ಏನು ಗೊತ್ತಾ? ಸದ್ಯ, ನನ್ನದಲ್ಲ. ಆ ಮಾತಿಗೆ ನನಗೆ ನಾನೇ ಕೆನ್ನೆಗೆ ಹೊಡ್ಕೋಬೇಕು ಅನ್ನಿಸ್ತು.

ಗಿಣಿ ಆಗ ಪಕ್ಕದ ಕೋಣೆಯಲ್ಲಿ ಅವರಣ್ಣನ ಕಾಲು ಒತ್ತುತ್ತಾ ಹಾಸ್ಟೆಲ್ ಮೇಲ್ವಿಚಾರಕನ ನಡಿಗೆ ಅಣಕಿಸಿ ತೋರಿಸ್ತಿದ್ಲು. ಅವರು ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ನಾನು ಕಾಗದವನ್ನ ಹೊಲಿಗೆ ಮಿಷನ್ನಿನ ಡ್ರಾಯರಿಗೆ ಹಾಕಿದೆ. ನಾಳೆ ಹೇಳ್ತೀನಿ.

*

ಮಾರ್ಚ್ 10

ತಮ್ಮಾ,

ಒಂದು ವಿಷಯ ಕೇಳಬೇಕಿತ್ತು. ನಮ್ಮ ಕಾರ್ಖಾನೆಯಲ್ಲಿ ಗುಂಡಿ ಹಚ್ಚೋಳೊಬ್ಬಳಿದ್ದಾಳೆ. ತನ್ನ ಕಾರ್ಡಲ್ಲಿ ತಂಗಿಗೆ ಪರೀಕ್ಷೆ ಮಾಡಿಸಿಬಿಟ್ಟಿದ್ದಾಳೆ. ತಂಗಿಗೆ ಏನೋ ತೊಂದರೆ ಇದೆ ಅಂತ ಬಂದಿದೆಯಂತೆ. ಈಗ ಬಾಯಿ ಬಿಟ್ಟು ಹೇಳಿದ್ರೆ ಏನಾಗುತ್ತೆ ಅಂತ ನನ್ನ ಕೇಳಿದ್ಲು. ನನಗೇನು ಗೊತ್ತು? ನಮ್ಮ ತಮ್ಮ ಇದ್ದಾನೆ, ಕೇಳಿ ಹೇಳ್ತೀನಿ ಅಂದೆ.

ಬೇಗ ಬರಿ.

ನಿನ್ನ ಅಕ್ಕ

*

ಮಾರ್ಚ್ 18

ಅಕ್ಕಾ,

ಇಂಥದ್ದಕ್ಕೆ ಉತ್ತರ ಹದಿಮೂರನೇ ಪುಟದಲ್ಲೇ ಇದೆ. ಕಾರ್ಡನ್ನು ಬೇರೆಯವರಿಗೆ ಕೊಟ್ಟರೆ ಸದಸ್ಯತ್ವ ರದ್ದು, ಆ ಕಾರ್ಡಿನ ಮೇಲೆ ಚಿಕಿತ್ಸೆ ಪಡೆಯೋ ಮನೆಯವರದೂ ಸೇರಿ. ಕಾರ್ಖಾನೆಗೂ ತಿಳಿಸ್ತಾರೆ, ಕೆಲಸ ಉಳಿಯೋದು ಕಷ್ಟ. ಹೋದ ವರ್ಷ ಇಂಥ ಎರಡು ಪ್ರಕರಣ ನನ್ನ ಮೇಜಿಗೇ ಬಂದಿದ್ವು. ಎರಡರ ಮೇಲೂ ರದ್ದು ಅಂತ ಬರೆದವನು ನಾನೇ. ಒಬ್ಬಳು ಆಫೀಸಿನ ಬಾಗಿಲಲ್ಲಿ ನಿಂತು ಅತ್ತಳು. ಕನಿಕರ ತೋರಿಸ್ತಾ ಕೂತರೆ ಯೋಜನೆ ನಡೆಯಲ್ಲ ಅಕ್ಕ, ಪ್ರಾಮಾಣಿಕವಾಗಿ ಇರೋರಿಗೆ ಅನ್ಯಾಯವಾಗುತ್ತೆ.

ಆ ಗುಂಡಿ ಹಚ್ಚೋಳಿಂದ ದೂರ ಇರು. ನಾಳೆ ವಿಚಾರಣೆ ಅಂತ ಬಂದರೆ ನಿನ್ನನ್ನೂ ಎಳೀತಾರೆ. ನಿನ್ನ ಕಾರ್ಡಿನ ಮೇಲೆ ಭಾವನ ಜೀವ ನಿಂತಿದೆ ಅನ್ನೋದನ್ನ ಮರೀಬೇಡ.

ನಿನ್ನ ಫಲಿತಾಂಶ ಬಂತಾ? ಆ ವಿಷಯ ಬರೆದೇ ಇಲ್ಲ.

ತಮ್ಮ

*

ಏಪ್ರಿಲ್ 2

ತಮ್ಮಾ,

ಎಲ್ಲರೂ ಚೆನ್ನಾಗಿದ್ದೀವಿ ಅಂತ ಮೊದಲೇ ಬರೆದುಬಿಡ್ತೀನಿ, ಆಮೇಲೆ ಮರೆತುಹೋಗುತ್ತೆ. ನನ್ನ ಫಲಿತಾಂಶದಲ್ಲಿ ಚಿಂತೆ ಮಾಡೋಂಥದ್ದು ಏನಿಲ್ಲ.

ಕಾರ್ಖಾನೆಯಲ್ಲಿ ದೊಡ್ಡ ಆರ್ಡರ್ ಬಂದಿದೆ. ದಿನಕ್ಕೆ ಮುನ್ನೂರು ಕಾಲರ್. ಈ ವಾರ ನನ್ನದು ನಲವತ್ತು ವಾಪಸ್ ಬಂತು, ತುದಿ ಸೊಟ್ಟ ಅಂತ. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಸೂಪರ್‌ವೈಸರ್ ಬೈಯಲಿಲ್ಲ, ಹುಷಾರಿಲ್ವಾ ಅಂತ ಕೇಳಿದ್ರು. ಬೈದಿದ್ರೇ ವಾಸಿಯಿತ್ತು.

ನಿನ್ನ ಭಾವನಿಗೆ ಡಯಾಲಿಸಿಸ್ ಆದ ದಿನ ಮಾತ್ರ ಸುಸ್ತು. ಗಿಣಿ ಅವರ ಕೈ ಹಿಡ್ಕೊಂಡು ಬಸ್ಸಿಂದ ಇಳಿಸ್ಕೊಂಡು ಬರ್ತಾಳೆ. ಈಚೆಗೆ ಬಲಗೈಯಲ್ಲೇ ಹಿಡೀತಾಳೆ. ಎಡಗೈ ಎತ್ತಿದ್ರೆ ಸೆಳೆಯುತ್ತಂತೆ, ಹಾಸ್ಟೆಲ್ಲಿನ ಪಾತ್ರೆ ಎತ್ತಿ ಎತ್ತಿ ಹೀಗಾಗಿದೆ ಅಂತಾಳೆ. ಇರಬಹುದು.

ಸುಮ್ನೆ ಒಂದು ಕೇಳ್ತೀನಿ. ಆ ಯಂತ್ರ ತಪ್ಪು ಹೇಳೋದೂ ಉಂಟಾ?

ನಿನ್ನ ಅಕ್ಕ

*

ಏಪ್ರಿಲ್ 9

ಅಕ್ಕಾ,

ಉಂಟು. ಯಂತ್ರಕ್ಕೆ ನೆರಳು ಕಂಡರೆ ಅದು ಕಾಯಿಲೆಯೇ ಆಗಬೇಕು ಅಂತಿಲ್ಲ, ಎಷ್ಟೋ ಸಲ ಏನೂ ಇರಲ್ಲ. ಅದನ್ನ ಗೊತ್ತು ಮಾಡ್ಕೊಳ್ಳೋಕೇ ಎರಡನೇ ಪರೀಕ್ಷೆ ಇರೋದು. ಗುಂಡಿ ಹಚ್ಚೋಳ ತಂಗಿ ವಿಷಯ ತಾನೇ? ನಿನ್ನ ಮನಸ್ಸು ಮೃದು, ಕಂಡೋರ ಚಿಂತೆಯೆಲ್ಲ ತಲೆ ಮೇಲೆ ಹೊತ್ಕೊಳ್ತೀಯ. ನಿನ್ನದು ಚೆನ್ನಾಗಿ ಬಂದಿದೆಯಲ್ಲ, ಅಷ್ಟು ಸಾಕು.

ತಮ್ಮ

*

ಮೇ 14

ಅಕ್ಕಾ,

ಫೋನ್ ಮಾಡಿದ್ರೆ ಭಾವನೇ ಎತ್ತೋದು, ಅದಕ್ಕೇ ಇದನ್ನೂ ಕಾಗದದಲ್ಲೇ ಅವಸರದಲ್ಲಿ ಬರೀತಿದ್ದೀನಿ. ಅಕ್ಷರ ಅರ್ಥವಾಗದಿದ್ದರೆ ಭಾವನ ಹತ್ತಿರ ಓದಿಸ್ಬೇಡ, ನೀನೇ ಕಷ್ಟಪಟ್ಟು ಓದು.

ಏಪ್ರಿಲ್ ಕೊನೆಯಲ್ಲಿ ಒಂದು ಪಟ್ಟಿ ಬಂತು. ಎರಡನೇ ಪರೀಕ್ಷೆಗೆ ಕರೆದರೂ ಬಾರದೆ ಇರೋರ ಪಟ್ಟಿ. ಹದಿನೇಳನೇ ಹೆಸರು ನಿನ್ನದು. ಅದೇ ಹೆಸರಿನ ಬೇರೆ ಯಾರೋ ಅಂದ್ಕೊಂಡೆ. ಕಾರ್ಡಿನ ನಂಬರ್ ನಿನ್ನದೇ. ಆಮೇಲೂ ಎರಡು ವಾರ ಸುಮ್ಮನಿದ್ದೆ ಅಕ್ಕ. ಗುಟ್ಟು ಅವಳದು, ಅವಳೇ ಹೇಳಲಿ ಅಂತ ನನ್ನ ನಿಯಮವನ್ನೇ ಹಿಡ್ಕೊಂಡು ಕೂತಿದ್ದೆ. ನಿನ್ನೆ ತಡೆಯೋಕಾಗದೆ ಕಡತ ತೆರೆದೆ. ಎಡ ಎದೆ, ಎರಡು ಸೆಂಟಿಮೀಟರ್, ಅಂಚು ಸರಿಯಿಲ್ಲ ಅಂತ ಬರೆದಿದ್ದಾರೆ.

ಅಮ್ಮನ ಹಾಗೇ ಮಾಡ್ತಿದ್ದೀಯಲ್ಲ. ಅದೇ ಸೆರಗು, ಅದೇ ಮುಚ್ಚಿದ ಬಾಯಿ. ಚಿಂತೆ ಮಾಡೋಂಥದ್ದು ಏನಿಲ್ಲ ಅಂತ ನನಗೆ ಬರೆಯೋಕೆ ನಿನಗೆ ಹೇಗೆ ಮನಸ್ಸು ಬಂತು? ನಾನೇನು ಹೊರಗಿನವನಾ?

ಬೈಯೋಕೆ ಕೂತಿಲ್ಲ. ಬೇಡ್ಕೊಳ್ತಿದ್ದೀನಿ. ನಿನ್ನ ಕಾಲು ಹಿಡ್ಕೊಳ್ತೀನಿ, ನಾಳೆನೇ ಹೋಗು. ಯಾರ ಅನುಮತಿಯೂ ಬೇಡ, ಕಾರ್ಡು ತೋರಿಸಿದ್ರೆ ಸಾಕು. ಹೆದರಿಕೆಯಾದ್ರೆ ಗಿಣಿಯನ್ನ ಜೊತೆಗೆ ಕರ್ಕೊಂಡು ಹೋಗು. ಅವಳು ಮಾತಾಡ್ತಾ ಇದ್ರೆ ನಿನಗೆ ಧೈರ್ಯ ಬರುತ್ತೆ. ನನಗೆ ಉಳಿದಿರೋದು ನೀನೊಬ್ಬಳೇ.

ತಮ್ಮ

*

ಮೇ 20

ತಮ್ಮಾ,

ಮಾರ್ಚ್ ಒಂಬತ್ತರಂದು ಬರೆದ ಒಂದು ಕಾಗದ ಇದರ ಜೊತೆ ಇಟ್ಟಿದ್ದೀನಿ. ಮೊದಲು ಅದನ್ನ ಓದು, ಆಮೇಲೆ ಇದನ್ನ.

ಓದಿದೆಯಾ? ನೀನು ಯಾರಿಗೋಸ್ಕರ ಎರಡು ವಾರ ಒಳಗೊಳಗೇ ಬೆಂದೆಯೋ ಅವಳಿಗೆ ಏನೂ ಆಗಿಲ್ಲ. ಗಿಣಿಯನ್ನ ಜೊತೆಗೆ ಕರ್ಕೊಂಡು ಹೋಗು ಅಂತ ಬರೆದಿದ್ದೀಯ. ಆ ಸಾಲು ಓದಿ ಬಚ್ಚಲುಮನೆ ಬಾಗಿಲು ಹಾಕ್ಕೊಂಡು ಕೂತೆ.

ಅವಳಿಗೆ ಇನ್ನೂ ಹೇಳಿಲ್ಲ. ಎಪ್ಪತ್ತೆರಡು ದಿನ ಆಯ್ತು. ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡೋಣ ಅಂತ ಏಳ್ತೀನಿ. ಅವಳು ಹಾಸ್ಟೆಲ್ಲಿಗೆ ಹೊರಡೋ ಹೊತ್ತಿಗೆ ಚಪ್ಪಲಿ ಹುಡುಕ್ತಾ ಏನೋ ಹರಟ್ತಾಳೆ, ನಾನು ಚಪ್ಪಲಿ ಹುಡುಕಿ ಕೊಟ್ಟು ಕಳಿಸಿಬಿಡ್ತೀನಿ.

ಯಾಕೆ ಹೇಳಲಿಲ್ಲ ಅಂತ ಕೇಳ್ತೀಯ. ಹೇಳಿದ್ರೆ ಕಾರ್ಡು ಹೋಗುತ್ತೆ ಅಂತ ನೀನೇ ಬರೆದೆ. ಕಾರ್ಡು ಹೋದ್ರೆ ಇವರು ಹದಿನೈದು ದಿನ ಉಳಿಯಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ಸಿಗೆ ತಿಂಗಳುಗಟ್ಟಲೆ ಸರದಿ. ಒಂದು ಕಡೆ ಗಂಡ, ಒಂದು ಕಡೆ ಅವರ ತಂಗಿ, ನಾನು ಯಾರನ್ನ ಆರಿಸಲಿ? ಅವಳಿಗೊಬ್ಬಳಿಗೇ ಹೇಳೋಣ ಅಂದ್ರೆ ಅವಳ ಬಾಯಲ್ಲಿ ಒಂದು ಮಾತು ನಿಲ್ಲಲ್ಲ. ಸಂಜೆಯೊಳಗೆ ಹಾಸ್ಟೆಲ್ಲಿಗೆ ಗೊತ್ತಾಗಿ, ಮಾರನೇ ದಿನ ನಮ್ಮ ಕಾರ್ಖಾನೆಗೆ ಬರುತ್ತೆ. ಅದು ನಿನ್ನ ಮೇಜಿಗೆ ಬಂದರೆ ನೀನು ರದ್ದು ಅಂತ ಬರೀತೀಯ. ಎಷ್ಟೋ ಸಲ ಏನೂ ಇರಲ್ಲ ಅಂತ ನೀನು ಬರೆದಿದ್ದನ್ನ ದೇವರ ಮಾತಿನ ಹಾಗೆ ಹಿಡ್ಕೊಂಡೆ. ಅದರ ಮುಂದಿನ ಸಾಲನ್ನ ಓದಿಯೂ ಓದದವಳ ಹಾಗೆ ಇದ್ದೆ.

ಹೋದ ವಾರ ಅವಳ ರವಿಕೆ ಬಿಗಿ ಆಗಿದೆ ಅಂತ ನನ್ನ ಹತ್ತಿರವೇ ಬಿಚ್ಚಿ ಹೊಲಿಸ್ಕೊಂಡ್ಲು. ಎಡಗಡೆ ಮಾತ್ರ. ನಾನು ಅಳತೆ ಪಟ್ಟಿ ಹಿಡ್ಕೊಂಡು ಬೆರಳಲ್ಲಿ ಮುಟ್ಟಿದೆ ತಮ್ಮಾ. ಗಟ್ಟಿಯಾಗಿದೆ. ಒಂದು ಹೊಲಿಗೆ ಸಡಿಲ ಮಾಡಿ ಕೊಟ್ಟೆ.

ಏನು ಮಾಡಲಿ ಹೇಳು. ನನ್ನ ತಲೆ ಓಡ್ತಿಲ್ಲ. ಈ ಕಾಗದವನ್ನ ಆಫೀಸಿಗೆ ಕೊಡೋದಾದ್ರೆ ಕೊಡು, ನಾನು ಏನೂ ಅನ್ನಲ್ಲ.

ನಿನ್ನ ಅಕ್ಕ

*

ಮೇ 24

ಅಕ್ಕಾ,

ಇದು ಕೈಗೆ ಬಂದ ಕೂಡಲೇ ಗಿಣಿಗೆ ಹೇಳು. ಕವರ್ ಕೈಯಲ್ಲಿ ಇಟ್ಕೊಂಡೇ ಹೇಳು. ಅವಳು ಬಾಯಿ ಬಿಟ್ಟರೂ ಸರಿ, ಬೀದಿಯಲ್ಲಿ ನಿಂತು ಕೂಗಿದ್ರೂ ಸರಿ. ಅದು ಅವಳ ಮೈ.

ಯೋಜನೆಯ ಎರಡನೇ ಪರೀಕ್ಷೆಗೆ ಅವಳು ನಿನ್ನ ಹೆಸರಲ್ಲಿ ಹೋಗೋದು ಬೇಡ. ರಕ್ತದ ಗುಂಪು, ಔಷಧಿ, ಎಲ್ಲಾ ನಿನ್ನ ಹೆಸರಿಗೆ ಹತ್ತಿ ಅವಳ ಜೀವಕ್ಕೇ ಸಂಚಕಾರ. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕಾರ್ಡಿಲ್ಲದವರನ್ನೂ ನೋಡ್ತಾರೆ. ಅಲ್ಲಿಗೆ ಅವಳ ಹೆಸರಲ್ಲೇ ಕರ್ಕೊಂಡು ಹೋಗು. ಮೊದಲನೇ ಪರೀಕ್ಷೆಯ ಫಿಲ್ಮು ಅವರಿಗೆ ಬೇಕಾಗುತ್ತೆ. ಅದನ್ನ ಕೇಳಿ ಪಡೆಯೋ ಹಕ್ಕು ಕಾರ್ಡು ಇರೋ ನಿನ್ನದು ಮಾತ್ರ, ಚಿಕಿತ್ಸಾಲಯಕ್ಕೆ ಹೋಗಿ ಬರೆದುಕೊಡು. ಯಾಕೆ ಬೇಕು ಅಂತ ಕೇಳ್ತಾರೆ. ನಿಜ ಬರಿ.

ಕಾರ್ಡಿನ ವಿಷಯ. ನಿಯಮವನ್ನ ಮತ್ತೆ ಓದಿದೆ, ಈ ಸಲ ನಿನ್ನ ಕಣ್ಣಿಂದ. ರದ್ದು ಮಾಡೋ ಮುಂಚೆ ವಿಚಾರಣೆ ಆಗಬೇಕು, ಮೇಲ್ಮನವಿ ತೀರ್ಮಾನ ಆಗೋವರೆಗೂ ನಡೀತಿರೋ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ. ಅಂದ್ರೆ ಭಾವನ ಡಯಾಲಿಸಿಸ್ ಈಗಲೇ ನಿಲ್ಲಲ್ಲ. ಈ ಸಾಲು ಮೂಲ ನಿಯಮದಲ್ಲಿತ್ತು, ನಾನು ಪುಸ್ತಕದಲ್ಲಿ ಹಾಕಲಿಲ್ಲ. ಜಾಗ ಸಾಲದು ಅಂತ ಬಿಟ್ಟೆ. ಆಫೀಸಿನ ಬಾಗಿಲಲ್ಲಿ ಅತ್ತಳಲ್ಲ, ಆ ಹೆಂಗಸಿಗೂ ಹೇಳಲಿಲ್ಲ. ಅವಳು ಕೇಳಲಿಲ್ಲ, ಅದಕ್ಕೇ ಹೇಳಲಿಲ್ಲ. ನಿನಗೆ ಬರೆದ ಉತ್ತರದಲ್ಲೂ ಬರೀಲಿಲ್ಲ. ಬರೆದಿದ್ದರೆ ಮಾರ್ಚಲ್ಲೇ ನೀನು ಬಾಯಿ ಬಿಡ್ತಿದ್ದೆಯೇನೋ. ಇದನ್ನ ನಾನು ಹೊತ್ತುಕೊಂಡು ಬದುಕಬೇಕು.

ನೀನು ನನ್ನ ಅಕ್ಕ, ನಿನ್ನ ಕಡತ ತೆರೆದಿದ್ದೀನಿ ಅಂತ ನಾನೂ ಮೇಲಿನವರಿಗೆ ಬರೆದುಕೊಟ್ಟಿದ್ದೀನಿ. ಆ ಮೇಜಿಂದ ನನ್ನನ್ನ ಎಬ್ಬಿಸ್ತಾರೆ. ಎಬ್ಬಿಸಲಿ. ನಿನ್ನ ಪರೀಕ್ಷೆ ಇನ್ನೂ ಆಗೇ ಇಲ್ಲ ಅನ್ನೋದು ನೆನಪಿರಲಿ.

ಈಗ ಓದೋದು ನಿಲ್ಲಿಸಿ ಅವಳ ಹತ್ತಿರ ಹೋಗು.

ತಮ್ಮ

*

ಜೂನ್ 11

ತಮ್ಮಾ,

ಹೇಳಿದೆ. ನಿನ್ನ ಕಾಗದ ಬಂದಿದ್ದು ಇಪ್ಪತ್ತೇಳಕ್ಕೆ. ಅವಳು ಅಂಗಳದಲ್ಲಿ ಬಟ್ಟೆ ಹಿಂಡ್ತಿದ್ಲು. ಎಲ್ಲಾ ಹೇಳಿದೆ, ರವಿಕೆ ಸಡಿಲ ಮಾಡಿದ್ದನ್ನೂ ಹೇಳಿದೆ. ಅತ್ತು ಕೂಗಾಡ್ತಾಳೆ ಅಂದ್ಕೊಂಡಿದ್ದೆ. ಬಕೆಟ್ಟಲ್ಲಿ ಉಳಿದಿದ್ದ ಎರಡು ಬಟ್ಟೆಯನ್ನೂ ಹಿಂಡಿ, ಒಣಗಿಹಾಕಿ, ಕೈ ಒರೆಸ್ಕೊಂಡು, ಆ ಕಾಗದ ಎಲ್ಲಿ ಅಂತ ಕೇಳಿದ್ಲು. ಡ್ರಾಯರಿಂದ ತಂದುಕೊಟ್ಟೆ. ತಾರೀಖು ಓದಿದ್ಲು. ಮಡಚಿ ಸೊಂಟಕ್ಕೆ ಸಿಕ್ಕಿಸ್ಕೊಂಡು ಒಳಗೆ ಹೋದ್ಲು. ಅಷ್ಟೇ.

ಅವಳ ಜೊತೆ ಚಿಕಿತ್ಸಾಲಯಕ್ಕೆ ಹೋಗಿ ಫಿಲ್ಮು ಕೇಳಿದೆ. ಕಿಟಕಿಯವನು ನಿಮ್ಮದೇ ತಾನೇ ಅಂದ. ನನ್ನದಲ್ಲ, ಇವಳದು ಅಂದೆ. ಅವನು ಪೆನ್ನು ಕೆಳಗಿಟ್ಟ. ಹಿಂದಿನ ಸಾಲಲ್ಲಿ ನಮ್ಮ ಕಾರ್ಖಾನೆಯ ನಾಲ್ಕು ಜನ ಇದ್ರು, ಕೇಳಿಸ್ಕೊಂಡ್ರು. ಬರೆದು ಸಹಿ ಹಾಕಿದೆ. ನನ್ನ ಪರೀಕ್ಷೆಯನ್ನೂ ಅವತ್ತೇ ಮಾಡಿಸಿದೆ, ನಿನ್ನೆ ಫಲಿತಾಂಶ ಬಂತು. ಏನೂ ಇಲ್ಲವಂತೆ. ಆ ಚೀಟಿಯನ್ನ ಮನೆಯಲ್ಲಿ ಎಲ್ಲಿಡಬೇಕು ಅಂತ ಗೊತ್ತಾಗ್ತಿಲ್ಲ.

ವಿಚಾರಣೆಗೆ ಮುಂದಿನ ತಿಂಗಳು ಕರೆದಿದ್ದಾರೆ. ಅಲ್ಲಿಯವರೆಗೆ ಕಾರ್ಖಾನೆಗೆ ಬರಬೇಡ ಅಂದಿದ್ದಾರೆ. ಡಯಾಲಿಸಿಸ್ ನೀನು ಹೇಳಿದ ಹಾಗೆ ನಿಂತಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಗಿಣಿಗೆ ಸೂಜಿ ಹಾಕಿ ಗಂಟಿನ ಚೂರು ಪರೀಕ್ಷೆಗೆ ತೆಗೆದಿದ್ರು. ಇವತ್ತು ಹೇಳಿದ್ರು. ಅದೇ. ಕಂಕುಳಿಗೂ ಹೋಗಿದೆ. ಮೊದಲು ಔಷಧಿ, ಆಮೇಲೆ ಆಪರೇಷನ್, ಪ್ರಯತ್ನ ಮಾಡೋಣ ಅಂದ್ರು ಡಾಕ್ಟರಮ್ಮ. ಫಿಲ್ಮಿನ ಮೇಲಿದ್ದ ಫೆಬ್ರವರಿ ತಾರೀಖನ್ನೂ ಗೋಡೆಯ ಕ್ಯಾಲೆಂಡರನ್ನೂ ನೋಡಿ, ಆಗಲೇ ಬಂದಿದ್ರೆ ಅಂದವರು ಅಲ್ಲಿಗೇ ನಿಲ್ಲಿಸಿದ್ರು. ನನ್ನ ಕಡೆ ನೋಡಲೂ ಇಲ್ಲ. ಇವರ್ಯಾರು ಅಂತ ಕೇಳಿದ್ದಕ್ಕೆ ನಮ್ಮತ್ತಿಗೆ ಅಂತ ಗಿಣಿಯೇ ಹೇಳಿದ್ಲು.

ಬಸ್ಸಲ್ಲಿ ಇಬ್ಬರಿಗೂ ಪಕ್ಕಪಕ್ಕ ಸೀಟು ಸಿಕ್ತು. ಎರಡು ವಾರದಿಂದ ನನ್ನ ಹತ್ತಿರ ಅವಳು ಬೇಕು ಬೇಡ ಅಷ್ಟೇ ಮಾತಾಡಿರೋದು. ನನಗೆ ತಡೆಯೋಕಾಗಲಿಲ್ಲ. ಕಾರ್ಡಿಗೆ ಹೆದರಿ ಹೀಗೆ ಮಾಡಿದೆ ಕಣೇ, ನಿಮ್ಮಣ್ಣನ ಮುಖ ನೋಡಿ ಹೀಗೆ ಮಾಡಿದೆ ಅಂದೆ. ಅವಳು ಕಿಟಕಿ ಕಡೆ ತಿರುಗಿಯೇ ಇದ್ಲು.

"ಕಾರ್ಡಿನವರಿಗೆ ಹೇಳಬೇಡವಾಗಿತ್ತು ಅತ್ತಿಗೆ. ನನಗೆ ಹೇಳಬಹುದಿತ್ತಲ್ಲ. ಸುಮ್ನೆ ಹೋಗಿ ಒಂದು ಸಲ ಡಾಕ್ಟರಿಗೆ ತೋರಿಸು ಗಿಣಿ ಅಂದಿದ್ರೆ, ಯಾಕೆ ಅಂತಾನೂ ಕೇಳದೆ ಹೋಗ್ತಿದ್ದೆ."

ನಾನು ಸುಳ್ಳು ಹೇಳಲಿಲ್ಲ ತಮ್ಮಾ. ನಿನ್ನ ಬಾಯಿಗೆ ಹೆದರಿದೆ ಅಂದೆ.

ಎರಡು ಸ್ಟಾಪು ದಾಟಿದ ಮೇಲೆ ಮೆಲ್ಲಗೆ ಹೇಳಿದ್ಲು.

"ನಿನ್ನ ಬದಲು ನಾನು ಹೋಗಿದ್ದೆ ಅಂತ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನಮ್ಮಣ್ಣನಿಗೂ ಹೇಳಿಲ್ಲ."

ಮನೆ ಸ್ಟಾಪು ಬಂತು. ಎಡಗೈ ಎತ್ತೋಕಾಗದೆ ಬಲಗೈಯಲ್ಲಿ ಕಂಬಿ ಹಿಡ್ಕೊಂಡು ಎದ್ದಳು. ನಾನು ಕೈ ಚಾಚಿದೆ. ಹಿಡಿಯದೆ ಇಳಿದು ಹೋದಳು.

ನಿನ್ನ ಅಕ್ಕ